ಹಾಸನದ ಆಲೂಗಡ್ಡೆ ಎಲ್ಲಿಂದ ಬಂತು? ಇಂಗ್ಲಿಷ್‌ನಲ್ಲಿ ಮೂಲ ಹೇಳುವ ಬಗೆ

ಮುಂಗಾರು ಬಿತ್ತನೆಗೆ ಮೊದಲು ಹಾಸನದ ಎಪಿಎಂಸಿಗೆ ಬಿತ್ತನೆ ಆಲೂಗಡ್ಡೆಯ ಲಾರಿಗಳು ಬರುತ್ತವೆ. ಪಂಜಾಬಿನ ಜಲಂಧರ್ ಕಡೆಯ ಮಾಲು ಅದು. ರೈತರು ಅದನ್ನು ಕೊಂಡು, ಬಿತ್ತಿ, ಬೆಳೆದು ಮಾರುಕಟ್ಟೆಗೆ ತಂದ ಮೇಲೆ ಅದಕ್ಕೆ ‘ಹಾಸನದ ಆಲೂಗಡ್ಡೆ’ ಎಂದು ಹೆಸರು. ಇನ್ನು ಆ ಗಿಡದ ತವರು ನೋಡಿದರೆ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. ಹಾಗಾಗಿ ‘ಈ ಆಲೂಗಡ್ಡೆ ಎಲ್ಲಿಂದ ಬಂತು?’ ಎಂದು ಕೇಳಿದರೆ ಮೂರು ಉತ್ತರ ಇವೆ, ಮೂರೂ ಸರಿ. ಹಾಸನದಿಂದ, ಜಲಂಧರ್‌ನಿಂದ, ಆಂಡಿಸ್‌ನಿಂದ. ಕನ್ನಡದಲ್ಲಿ ಮೂರಕ್ಕೂ ಒಂದೇ ‘ಇಂದ’ ಸಾಕು.

ಇಂಗ್ಲಿಷ್‌ನಲ್ಲಿ ಇದನ್ನೇ ಹೇಳಿ ನೋಡಿ. ‘ದೀಸ್ ಪೊಟೆಟೋಸ್ ಕಮ್ ಫ್ರಮ್ ಹಾಸನ್.’ ‘ದ ಸೀಡ್ ಕೇಮ್ ಫ್ರಮ್ ಜಲಂಧರ್.’ ‘ದ ಪೊಟೆಟೋ ಒರಿಜಿನೇಟೆಡ್ ಇನ್ ದ ಆಂಡಿಸ್.’ ಮೊದಲನೆಯದು ವರ್ತಮಾನ ಕಾಲ, ಎರಡನೆಯದು ಭೂತಕಾಲ. ಮೂರನೆಯದರಲ್ಲಿ ಕ್ರಿಯಾಪದವೇ ಬೇರೆ, ‘ಫ್ರಮ್’ ಹೋಗಿ ‘ಇನ್’ ಬಂದಿದೆ. ಅರ್ಥ ತಿಳಿದಿದ್ದರೂ ಇಂಗ್ಲಿಷ್ ಮಾತಾಡುವಾಗ ನಮ್ಮವರು ತಡವರಿಸುವುದು ಇಂಥ ಕಡೆಯೇ. ಹಾಸನದಲ್ಲಿ ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುವವರಲ್ಲಿ ಡಿಗ್ರಿ ಮುಗಿಸಿದವರಿದ್ದಾರೆ, ಹೋಂಸ್ಟೇಗಳಲ್ಲಿ ಕೆಲಸ ಮಾಡುವವರಿದ್ದಾರೆ, ಗೈಡ್ ಆಗಬೇಕು ಅಂತಿರುವವರೂ ಇದ್ದಾರೆ. ಊರು, ಕಾಫಿ, ಕಲ್ಲು, ಹೊಳೆ ಎಲ್ಲದರ ಮೂಲವನ್ನೂ ಹೊರಗಿನವರಿಗೆ ಹೇಳಬೇಕಾದವರು ಇವರು. ಅವರ ಜೊತೆ ಮಾತಾಡುತ್ತಾ ನನಗೆ ಸ್ಪಷ್ಟವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

‘ಇಂದ’ ಹೊರುವ ಭಾರ

ನಮ್ಮ ‘ಇಂದ’ ಎಷ್ಟು ಕೆಲಸ ಮಾಡುತ್ತದೆ ಅಂತ ಒಮ್ಮೆ ಗಮನಿಸಿ. ಬೇಲೂರಿನಿಂದ ಬಂದೆ. ಬೆಳಗ್ಗೆಯಿಂದ ಕಾಯುತ್ತಿದ್ದೇನೆ. ಮಚ್ಚಿನಿಂದ ಕಡಿದ. ಜ್ವರದಿಂದ ನರಳಿದ. ಮಣ್ಣಿನಿಂದ ಮಾಡಿದ್ದು. ನಿಮ್ಮಿಂದ ಉಪಕಾರವಾಯಿತು. ಇಷ್ಟಕ್ಕೂ ಇಂಗ್ಲಿಷ್‌ನಲ್ಲಿ ಬೇರೆ ಬೇರೆ ಪದ ಬೇಕು: ಫ್ರಮ್, ಸಿನ್ಸ್, ವಿತ್, ಮತ್ತೆ ಫ್ರಮ್, ಆಫ್, ಥ್ರೂ. ನಮ್ಮಲ್ಲಿ ಪ್ರತ್ಯಯ ಹಗುರ, ಉಳಿದದ್ದನ್ನು ಸಂದರ್ಭ ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಕ್ರಿಯಾಪದ ಮತ್ತು ಪ್ರೆಪೊಸಿಷನ್ ಸೇರಿಕೊಂಡು ಆ ಕೆಲಸ ಮಾಡುತ್ತವೆ. ಅದಕ್ಕೇ ಎರಡನ್ನೂ ಜೋಡಿಯಾಗಿಯೇ ಕಲಿಯಬೇಕು. ‘ಫ್ರಮ್ ಅಂದರೆ ಇಂದ’ ಎಂದು ಉರುಹೊಡೆದವರಿಗೆ ಅರ್ಧ ದಾರಿ ಮಾತ್ರ ಸಿಗುತ್ತದೆ.

ಹಾಗಂತ ಕನ್ನಡ ಈ ವ್ಯತ್ಯಾಸಗಳನ್ನು ಗುರುತಿಸುವುದೇ ಇಲ್ಲ ಅಂತಲ್ಲ. ‘ನಾನು ಹಾಸನದವನು’ ಎನ್ನುವುದಕ್ಕೂ ‘ಹಾಸನದಿಂದ ಬಂದೆ’ ಎನ್ನುವುದಕ್ಕೂ ನಾವು ಫರಕು ಮಾಡುತ್ತೇವೆ. ಮೊದಲನೆಯದರಲ್ಲಿ ‘ಇಂದ’ವೂ ಇಲ್ಲ, ಕ್ರಿಯಾಪದವೂ ಇಲ್ಲ. ‘ಯಾವೂರಿನವರು?’ ಎಂದರೆ ಮೂಲ ಕೇಳಿದ ಹಾಗೆ. ‘ಎಲ್ಲಿಂದ ಬಂದ್ರಿ?’ ಎಂದರೆ ಪ್ರಯಾಣ ಕೇಳಿದ ಹಾಗೆ. ಇಂಗ್ಲಿಷ್ ಇದೇ ಫರಕನ್ನು ಕಾಲದಲ್ಲಿ ತೋರಿಸುತ್ತದೆ.

ಊರು ಹೇಳುವಾಗ

‘ಐ ಆಮ್ ಫ್ರಮ್ ಹಾಸನ್’, ‘ಐ ಕಮ್ ಫ್ರಮ್ ಹಾಸನ್’. ಎರಡೂ ಒಂದೇ ಅರ್ಥ, ಎರಡೂ ಸರಿ. ಇಲ್ಲಿ ‘ಕಮ್’ ಎಂದರೆ ಬರುವುದು ಅಲ್ಲ. ಬಸ್ಸು ಹತ್ತಿದ್ದೂ ಇಲ್ಲ, ಇಳಿದದ್ದೂ ಇಲ್ಲ. ನಿಮ್ಮ ಊರು ಯಾವುದು ಎಂಬುದು ಬದಲಾಗದ ಸಂಗತಿ, ಅದಕ್ಕೇ ಸಿಂಪಲ್ ಪ್ರೆಸೆಂಟ್. ನೀವು ಇಪ್ಪತ್ತು ವರ್ಷದ ಹಿಂದೆ ಊರು ಬಿಟ್ಟಿದ್ದರೂ ‘ಐ ಕಮ್ ಫ್ರಮ್ ಹಾಸನ್’ ಎಂದೇ ಹೇಳಬೇಕು.

‘ಐ ಕೇಮ್ ಫ್ರಮ್ ಹಾಸನ್’ ಎಂದರೆ ಈ ಸಲದ ಪ್ರಯಾಣ ಹಾಸನದಿಂದ ಶುರುವಾಯಿತು ಅಂತ. ‘ಐ ಆಮ್ ಕಮಿಂಗ್ ಫ್ರಮ್ ಹಾಸನ್’ ಎಂದರೆ ಇನ್ನೂ ದಾರಿಯಲ್ಲಿದ್ದೇನೆ ಅಂತ. ಚನ್ನರಾಯಪಟ್ಟಣ ದಾಟಿ ಫೋನಿನಲ್ಲಿ ಹೇಳುವ ಮಾತದು. ಇಂಟರ್‌ವ್ಯೂನಲ್ಲಿ ಕುಳಿತು ಪರಿಚಯ ಹೇಳಿಕೊಳ್ಳುವಾಗ ‘ಐ ಆಮ್ ಕಮಿಂಗ್ ಫ್ರಮ್ ಹಾಸನ್ ಡಿಸ್ಟ್ರಿಕ್ಟ್’ ಎನ್ನುವವರು ತುಂಬಾ ಜನ. ‘ನಾನು ಹಾಸನ ಜಿಲ್ಲೆಯಿಂದ ಬರ್ತಿದ್ದೀನಿ’ ಎಂಬುದು ಹಾಗೇ ಇಂಗ್ಲಿಷ್‌ಗೆ ಹೋಗಿರುತ್ತದೆ. ‘ಇಂಗ್’ ತೆಗೆದುಬಿಡಿ, ವಾಕ್ಯ ಸರಿಹೋಗುತ್ತದೆ. ತೀರಿಕೊಂಡವರ ವಿಷಯದಲ್ಲಿ ಮಾತ್ರ ಸಹಜವಾಗಿ ‘ಕೇಮ್ ಫ್ರಮ್’ ಆಗುತ್ತದೆ.

‘ಐ ಬಿಲಾಂಗ್ ಟು ಹಾಸನ್’ ಎಂಬುದೂ ನಮ್ಮಲ್ಲಿ ರೂಢಿ. ‘ಹಾಸನಕ್ಕೆ ಸೇರಿದವನು’ ಎಂಬುದರ ನೆರಳು ಅದು. ‘ಬಿಲಾಂಗ್ ಟು’ ಎಂದರೆ ಇಂಗ್ಲಿಷ್‌ನಲ್ಲಿ ಮುಖ್ಯವಾಗಿ ಒಡೆತನ, ಇಲ್ಲವೇ ಸದಸ್ಯತ್ವ. ತೋಟ ಅಜ್ಜನಿಗೆ ಸೇರಿದ್ದು, ನಾನು ಸಂಘಕ್ಕೆ ಸೇರಿದವನು, ಇಂಥ ಮಾತಿಗೆ ಅದು ಹೊಂದುತ್ತದೆ. ಊರಿಗೆ ‘ಫ್ರಮ್’ ಸಾಕು. ‘ಮೈ ನೇಟಿವ್ ಈಸ್ ಹಾಸನ್’ ಎಂಬುದು ಬೆಂಗಳೂರಿನಲ್ಲಿ ನಡೆಯುತ್ತದೆ, ಯಾರಿಗೂ ಗೊಂದಲ ಆಗುವುದಿಲ್ಲ. ಹೊರದೇಶದವರ ಮುಂದೆ ‘ಹೋಮ್‌ಟೌನ್’ ಎನ್ನುವುದು ವಾಸಿ.

‘ಹೇಲ್ಸ್ ಫ್ರಮ್’ ನಮ್ಮ ಪತ್ರಿಕೆಗಳಿಗೂ ಸನ್ಮಾನ ಸಮಾರಂಭದ ಪರಿಚಯ ಭಾಷಣಗಳಿಗೂ ಬಹಳ ಪ್ರಿಯವಾದ ಪದ. ಹಡಗಿನವರ ಮಾತು ಅದು. ಸಮುದ್ರದಲ್ಲಿ ಎದುರಾದ ಹಡಗನ್ನು ಕೂಗಿ ಮಾತಾಡಿಸುವುದಕ್ಕೆ ‘ಹೇಲ್’ ಅಂತಿದ್ದರು. ಯಾವ ಬಂದರಿನಿಂದ ಹೊರಟ ಹಡಗು ಎಂದು ಹೇಳುವಾಗ ‘ಹೇಲ್ಸ್ ಫ್ರಮ್’ ಬಳಕೆಗೆ ಬಂತು, ಆಮೇಲೆ ಜನರಿಗೂ ಅಂಟಿಕೊಂಡಿತು. ಇನ್ನೊಬ್ಬರ ಬಗ್ಗೆ ಬರೆಯುವಾಗ ಚೆನ್ನಾಗಿರುತ್ತದೆ. ನಮ್ಮ ಬಗ್ಗೆ ನಾವೇ ‘ಐ ಹೇಲ್ ಫ್ರಮ್’ ಎಂದರೆ ಸ್ವಲ್ಪ ಭಾರ ಅನಿಸುತ್ತದೆ.

ಹುಟ್ಟಿದ ಊರು, ತನ್ನ ಊರು

ಹುಟ್ಟಿದ ಊರೇ ನಮ್ಮ ಊರು ಆಗಿರಬೇಕಿಲ್ಲ. ನಮ್ಮಲ್ಲಂತೂ ಬಾಣಂತನ ತವರಿನಲ್ಲಿ. ಹಾಗಾಗಿ ಎಷ್ಟೋ ಜನ ಹುಟ್ಟಿದ್ದು ಅಜ್ಜಿ ಮನೆಯ ಊರಿನಲ್ಲಿ, ಬೆಳೆದದ್ದು ಅಪ್ಪನ ಊರಿನಲ್ಲಿ. ಕುವೆಂಪು ಅವರು 1904ರಲ್ಲಿ ಹುಟ್ಟಿದ್ದು ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಅವರ ಊರು ಮಾತ್ರ ತೀರ್ಥಹಳ್ಳಿ ತಾಲೂಕಿನ ಕುಪ್ಪಳಿ. ಇದನ್ನು ಇಂಗ್ಲಿಷ್‌ನಲ್ಲಿ ಒಂದೇ ಉಸಿರಿನಲ್ಲಿ ಹೇಳಬಹುದು: ‘ಹಿ ವಾಸ್ ಬಾರ್ನ್ ಇನ್ ಹಿರೇಕೊಡಿಗೆ ಬಟ್ ಕೇಮ್ ಫ್ರಮ್ ಕುಪ್ಪಳಿ.’ ಹುಟ್ಟು ಎಂಬುದು ಒಂದು ಜಾಗದಲ್ಲಿ ನಡೆದ ಘಟನೆ, ಅದಕ್ಕೆ ‘ಇನ್’. ಮೂಲ ಎಂಬುದು ನಂಟು, ಅದಕ್ಕೆ ‘ಫ್ರಮ್’.

ಅಪ್ಪ ಅಮ್ಮನ ಹೆಸರು ಹೇಳುವಾಗ ‘ಬಾರ್ನ್ ಟು’. ಇಲ್ಲೂ ‘ಫ್ರಮ್’ ಬರುವುದಿಲ್ಲ, ಮಗು ಅವರಿಗೆ ಹುಟ್ಟಿತು ಎನ್ನುವ ನಮ್ಮ ಚತುರ್ಥಿಯ ಹಾಗೇ. ಬಡ ಕುಟುಂಬದಲ್ಲಿ ಹುಟ್ಟಿದ ಎನ್ನಲು ‘ಬಾರ್ನ್ ಇಂಟು ಎ ಪೂರ್ ಫ್ಯಾಮಿಲಿ’. ಕ್ರಿಯಾಪದ ಯಾವಾಗಲೂ ‘ವಾಸ್ ಬಾರ್ನ್’, ‘ಈಸ್ ಬಾರ್ನ್’ ಅಲ್ಲ. ಬಯೋಡೇಟಾದಲ್ಲಿ ‘ಐ ಆಮ್ ಬಾರ್ನ್ ಇನ್’ ಎಂದು ಬರೆದಿದ್ದರೆ ಇವತ್ತೇ ತಿದ್ದಿ.

ಹೊಳೆ ಹುಟ್ಟುವ ಜಾಗ

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲೂಕಿನ ಜಾವಳಿಯ ಹತ್ತಿರ, ಬಲ್ಲಾಳರಾಯನ ದುರ್ಗದ ಸೀಮೆಯಲ್ಲಿ. ತುಂಗಾ, ಭದ್ರಾ ಹುಟ್ಟುವುದು ಕುದುರೆಮುಖದ ಕಡೆಯ ಗಂಗಾಮೂಲದಲ್ಲಿ. ಯಗಚಿ ಬಾಬಾ ಬುಡನ್‌ಗಿರಿ ಸಾಲಿನದು, ಬೇಲೂರನ್ನು ಹಾಯ್ದು ಗೊರೂರಿನ ಹತ್ತಿರ ಹೇಮಾವತಿಗೆ ಸೇರುತ್ತದೆ. ಇಷ್ಟೊಂದು ಹೊಳೆಗಳ ಹುಟ್ಟೂರು ನಮ್ಮ ಸೀಮೆ. ಅದನ್ನು ಇಂಗ್ಲಿಷ್‌ನಲ್ಲಿ ಹೇಳುವಾಗ ನಮ್ಮವರು ‘ಟೇಕ್ಸ್ ಬರ್ತ್ ಫ್ರಮ್’ ಎನ್ನುತ್ತಾರೆ. ಇಂಗ್ಲಿಷಿನವರ ಮಾತು ‘ರೈಸಸ್ ಇನ್’. ‘ದ ಹೇಮಾವತಿ ರೈಸಸ್ ಇನ್ ದ ಹಿಲ್ಸ್ ಆಫ್ ಮೂಡಿಗೆರೆ.’

ಇದನ್ನು ಹೇಳಿಕೊಟ್ಟ ದಿನ ಒಬ್ಬ ಹುಡುಗ ತಡೆದು ಕೇಳಿದ: ‘ಸರ್, ನೀರು ಬೆಟ್ಟದಿಂದ ತಾನೇ ಬರೋದು? ‘ಇನ್’ ಯಾಕೆ?’

‘ಬರೋದು ಬೆಟ್ಟದಿಂದ. ಹುಟ್ಟೋದು?’

‘ಬೆಟ್ಟದಲ್ಲಿ.’

‘ಅಷ್ಟೇ. ನೀನು ಹೇಳೋದು ಹುಟ್ಟನ್ನೋ ಹರಿವನ್ನೋ ಅಂತ ಮೊದಲು ನೋಡ್ಕೋ.’

‘ಹಾಗಾದ್ರೆ ಫ್ಲೋಸ್ ಫ್ರಮ್, ರೈಸಸ್ ಇನ್.’

ಅವನು ಹಿಡಿದದ್ದು ಈ ಇಡೀ ವಿಷಯದ ನಡುಮನೆ ಕಂಬ. ಕ್ರಿಯಾಪದ ಹೊರಡುವಿಕೆಯನ್ನು ಹೇಳುತ್ತಿದ್ದರೆ ‘ಫ್ರಮ್’ ಬೇಕು: ಫ್ಲೋ, ಕಮ್, ಬ್ರಿಂಗ್, ಗೆಟ್, ಟೇಕ್. ಎಲ್ಲಿ ಶುರುವಾಯಿತು ಎಂಬುದನ್ನು ಹೇಳುತ್ತಿದ್ದರೆ ‘ಇನ್’ ಅಥವಾ ‘ಆಟ್’ ಬೇಕು: ರೈಸ್, ಬಿಗಿನ್, ಸ್ಟಾರ್ಟ್, ಬಾರ್ನ್. ‘ಒರಿಜಿನೇಟ್’ ಎರಡೂ ಕಡೆ ಕಾಲಿಟ್ಟಿರುವ ಪದ. ಜಾಗ ಹೇಳುವಾಗ ‘ಒರಿಜಿನೇಟ್ ಇನ್’. ಯಾವುದರಿಂದ ಬೆಳೆದು ಬಂತು ಎನ್ನುವಾಗ ‘ಒರಿಜಿನೇಟ್ ಫ್ರಮ್’. ಯಾರ ತಲೆಯಲ್ಲಿ ಹೊಳೆಯಿತು ಎನ್ನುವಾಗ ‘ಒರಿಜಿನೇಟ್ ವಿತ್’: ‘ದ ಐಡಿಯಾ ಒರಿಜಿನೇಟೆಡ್ ವಿತ್ ದ ವಿಮೆನ್ ಆಫ್ ದ ವಿಲೇಜ್.’ ಆ ಊರಿನ ಹೆಂಗಸರೇ ಮೊದಲು ಯೋಚಿಸಿದ್ದು ಅಂತ.

‘ಒರಿಜಿನ್’ ಎಂಬುದರ ಬೇರು ಲ್ಯಾಟಿನ್‌ನಲ್ಲಿ ‘ಏಳು, ಮೇಲೆ ಬರು’ ಎಂಬ ಅರ್ಥದ ಕ್ರಿಯಾಪದ. ‘ಡಿರೈವ್’ ಎಂಬುದರ ಬೇರಿನಲ್ಲಂತೂ ಹೊಳೆಯೇ ಇದೆ. ಹರಿಯುವ ಹೊಳೆಯಿಂದ ಕಾಲುವೆ ತೆಗೆದು ನೀರು ತಿರುಗಿಸುವುದು ಎಂದು ಅದರ ಮೊದಲ ಅರ್ಥ. ಅದಕ್ಕೇ ‘ಡಿರೈವ್’ ಆದಲ್ಲೆಲ್ಲ ‘ಫ್ರಮ್’ ಬರುತ್ತದೆ, ‘ಇನ್’ ಬರುವುದಿಲ್ಲ. ಇದು ಹೆಚ್ಚಾಗಿ ಪದಗಳಿಗೆ, ಔಷಧಿಗಳಿಗೆ, ವಿಚಾರಗಳಿಗೆ ಬಳಕೆಯಾಗುವ ಮಾತು. ‘ಡಿರೈವ್ಸ್ ಫ್ರಮ್’ ಅಂದರೂ ಸರಿ, ‘ಈಸ್ ಡಿರೈವ್ಡ್ ಫ್ರಮ್’ ಅಂದರೂ ಸರಿ. ಮನುಷ್ಯರ ಊರಿಗೆ ಮಾತ್ರ ಹಚ್ಚಬೇಡಿ.

ಕಲ್ಲು, ಹಗ್ಗ, ರೊಟ್ಟಿ

ಏನಿಂದ ಮಾಡಿದ್ದು ಎಂದು ಹೇಳುವಾಗ ‘ಮೇಡ್ ಆಫ್’, ‘ಮೇಡ್ ಫ್ರಮ್’ ಎರಡರಲ್ಲಿ ಯಾವುದು? ಎಲ್ಲರೂ ಕೇಳುವ ಪ್ರಶ್ನೆ ಇದು. ನಾನು ಜಾಸ್ತಿ ಸಮಯ ಕೊಡುವುದೂ ಇದಕ್ಕೇ.

ಬೇಲೂರಿನ ಚೆನ್ನಕೇಶವ ದೇವಸ್ಥಾನದ ಮುಂದೆ ನಿಂತುಕೊಳ್ಳಿ. ಕಲ್ಲು ಕಲ್ಲಾಗಿಯೇ ಕಾಣುತ್ತದೆ. ಎಷ್ಟು ನಯವಾಗಿ ಕೆತ್ತಿದ್ದರೂ ಬಳಪದ ಕಲ್ಲು ಬಳಪದ ಕಲ್ಲೇ. ಇಲ್ಲಿ ‘ಆಫ್’: ‘ದ ಟೆಂಪಲ್ ಈಸ್ ಬಿಲ್ಟ್ ಆಫ್ ಸೋಪ್‌ಸ್ಟೋನ್.’ ಈಗ ಅರಸೀಕೆರೆ ಕಡೆ ಬನ್ನಿ, ತೆಂಗಿನ ಸೀಮೆ. ತೆಂಗಿನ ಸಿಪ್ಪೆಯನ್ನು ನೆನೆಸಿ, ಬಡಿದು, ನಾರು ಬಿಡಿಸುತ್ತಾರೆ. ಆ ನಾರು ನೋಡಿದರೆ ಅದು ಮೊದಲು ಕಾಯಿಯ ಮೇಲಿನ ಸಿಪ್ಪೆಯಾಗಿತ್ತು ಅಂತ ಗೊತ್ತಿಲ್ಲದವರಿಗೆ ಹೊಳೆಯುವುದಿಲ್ಲ. ಇಲ್ಲಿ ‘ಫ್ರಮ್’: ‘ಕಾಯರ್ ಈಸ್ ಮೇಡ್ ಫ್ರಮ್ ಕೋಕನಟ್ ಹಸ್ಕ್.’ ಅದೇ ನಾರನ್ನು ಹೊಸೆದು ಹಗ್ಗ ಮಾಡಿದರೆ ಮತ್ತೆ ‘ಆಫ್’: ‘ದ ರೋಪ್ ಈಸ್ ಮೇಡ್ ಆಫ್ ಕಾಯರ್.’ ಹಗ್ಗದಲ್ಲಿ ನಾರು ಕಣ್ಣಿಗೆ ಕಾಣುತ್ತಿದೆಯಲ್ಲ, ಅದಕ್ಕೆ. ಕಬ್ಬಿನಿಂದ ಬೆಲ್ಲ, ಹಾಲಿನಿಂದ ಬೆಣ್ಣೆ, ಕೊಬ್ಬರಿಯಿಂದ ಎಣ್ಣೆ, ಎಲ್ಲಕ್ಕೂ ‘ಫ್ರಮ್’. ಮೂಲವಸ್ತು ತನ್ನ ರೂಪ ಬಿಟ್ಟು ಬೇರೆಯೇ ಆಗಿದೆ.

ಇದಕ್ಕೆ ಕಾರಣವೂ ಇದೆ. ಒಂದು ‘ಎಫ್’ ಇರುವ ಆಫ್, ಎರಡು ‘ಎಫ್’ ಇರುವ ಆಫ್, ಇವೆರಡೂ ಹಳೆಯ ಇಂಗ್ಲಿಷ್‌ನಲ್ಲಿ ಒಂದೇ ಪದವಾಗಿದ್ದವು. ‘ಅಲ್ಲಿಂದ, ಬಿಟ್ಟು, ದೂರಕ್ಕೆ’ ಎಂದು ಅರ್ಥ. ಕಾಲಕ್ರಮದಲ್ಲಿ ದೂರ ಹೋಗುವ ಅರ್ಥ ಎರಡು ‘ಎಫ್’ನದಕ್ಕೆ ಹೋಯಿತು. ಒಂದು ‘ಎಫ್’ನದಕ್ಕೆ ಸೇರಿರುವಿಕೆ ಉಳಿಯಿತು. ಹಾಗಾಗಿ ಈಗ ‘ಆಫ್’ ಎಂದರೆ ವಸ್ತು ಇನ್ನೂ ಒಳಗೇ ಇದೆ, ‘ಫ್ರಮ್’ ಎಂದರೆ ಅಲ್ಲಿಂದ ಹೊರಟು ಬಂದಿದೆ. ನೂರಕ್ಕೆ ನೂರು ನಿಲ್ಲುವ ನಿಯಮ ಇದಲ್ಲ. ಮೇಜು ಮರದ್ದು ಎನ್ನಲು ‘ಮೇಡ್ ಫ್ರಮ್ ವುಡ್’ ಎನ್ನುವವರೂ ಇದ್ದಾರೆ, ಅದನ್ನು ತಪ್ಪು ಅಂತ ಯಾರೂ ತಿದ್ದುವುದಿಲ್ಲ. ಆದರೆ ‘ಜ್ಯಾಗರಿ ಈಸ್ ಮೇಡ್ ಆಫ್ ಶುಗರ್‌ಕೇನ್’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಗುರುತು ಹಿಡಿಯಲಾಗದಷ್ಟು ಬದಲಾದಾಗ ‘ಫ್ರಮ್’ ಖಚಿತ. ಅನುಮಾನ ಬಂದರೆ ಅದನ್ನೇ ಹಿಡಿಯಿರಿ.

ಶ್ರವಣಬೆಳಗೊಳದ ಗೊಮ್ಮಟನ ವಿಷಯ ಬೇರೆ. ಸುಮಾರು 57 ಅಡಿಯ ಆ ಮೂರ್ತಿಯನ್ನು ಕಲ್ಲು ಜೋಡಿಸಿ ಕಟ್ಟಿಲ್ಲ. ವಿಂಧ್ಯಗಿರಿಯ ಮೇಲಿನ ಒಂದೇ ಬಂಡೆಯನ್ನು ಕಡೆದು, ಬೇಡವಾದದ್ದನ್ನೆಲ್ಲ ತೆಗೆದು, ಒಳಗಿದ್ದ ರೂಪವನ್ನು ಹೊರಗೆ ತಂದದ್ದು. ಇದಕ್ಕೆ ಇಂಗ್ಲಿಷ್‌ನಲ್ಲಿ ‘ಔಟ್ ಆಫ್’ ಇದೆ: ‘ಕಾರ್ವ್ಡ್ ಔಟ್ ಆಫ್ ಎ ಸಿಂಗಲ್ ರಾಕ್.’ ‘ಕಾರ್ವ್ಡ್ ಫ್ರಮ್’ ಎಂದರೂ ಆಗುತ್ತದೆ. ‘ಕಾರ್ವ್ಡ್ ಆಫ್’ ಆಗುವುದಿಲ್ಲ. ಕಟ್ಟುವ ಕ್ರಿಯಾಪದಕ್ಕೆ ‘ಆಫ್’, ಕೆತ್ತುವ, ಕತ್ತರಿಸುವ, ಅಗೆಯುವ ಕ್ರಿಯಾಪದಕ್ಕೆ ‘ಔಟ್ ಆಫ್’ ಅಥವಾ ‘ಫ್ರಮ್’. ಬೇಲೂರಿನಿಂದ ಶ್ರವಣಬೆಳಗೊಳಕ್ಕೆ ಪ್ರವಾಸಿಗರನ್ನು ಕರೆದುಕೊಂಡು ಹೋಗುವ ಗೈಡ್ ಈ ಎರಡು ವಾಕ್ಯ ಸರಿಯಾಗಿ ಹೇಳಿದರೆ ಸಾಕು, ಎರಡು ಶಿಲ್ಪಕಲೆಗಳ ನಡುವಿನ ವ್ಯತ್ಯಾಸವನ್ನೂ ಹೇಳಿದಂತಾಯಿತು.

ಅಡುಗೆಮನೆಯಲ್ಲಿ ‘ವಿತ್’ ಸೇರಿಕೊಳ್ಳುತ್ತದೆ. ಅಕ್ಕಿರೊಟ್ಟಿಯ ಮೂಲ ಅಕ್ಕಿಹಿಟ್ಟು, ಅದಕ್ಕೆ ‘ಫ್ರಮ್’. ಈರುಳ್ಳಿ, ಸಬ್ಬಸಿಗೆ, ಹಸಿಮೆಣಸಿನಕಾಯಿ ಜೊತೆಗೆ ಬಿದ್ದವು, ಅದಕ್ಕೆ ‘ವಿತ್’. ‘ಅಕ್ಕಿರೊಟ್ಟಿ ಈಸ್ ಮೇಡ್ ಫ್ರಮ್ ರೈಸ್ ಫ್ಲೋರ್, ವಿತ್ ಆನಿಯನ್ ಅಂಡ್ ಡಿಲ್.’ ಮಾಡಿದವರು ಯಾರು ಎನ್ನಲು ‘ಬೈ’, ಎಲ್ಲಿ ಎನ್ನಲು ‘ಇನ್’. ಅವು ಯಾರಿಗೂ ತಪ್ಪುವುದಿಲ್ಲ.

ಒಂದು ತೋಟ, ಮೂರು ಮೂಲ

ಚಿಕ್ಕಮಗಳೂರಿನ ಯಾವುದೇ ಹೋಂಸ್ಟೇಗೆ ಬಂದವರು ಕಾಫಿ ಕುಡಿದು ಕೇಳುವ ಮೊದಲ ಪ್ರಶ್ನೆ, ‘ವೇರ್ ಡಸ್ ದಿಸ್ ಕಾಫಿ ಕಮ್ ಫ್ರಮ್?’ ಸುಮ್ನೆ ‘ಫ್ರಮ್ ಅವರ್ ಎಸ್ಟೇಟ್’ ಎಂದು ಮುಗಿಸಬಹುದು. ಆದರೆ ಹೇಳುವುದಕ್ಕೆ ಎಷ್ಟೊಂದಿದೆ!

ಅರೇಬಿಕಾ ಕಾಫಿ ಇಥಿಯೋಪಿಯಾದ ಕಾಡಿನ ಗಿಡ. ಗಿಡ, ಪ್ರಾಣಿಗಳಿಗೆ ‘ನೇಟಿವ್ ಟು’ ಎನ್ನಬೇಕು: ‘ಅರೇಬಿಕಾ ಈಸ್ ನೇಟಿವ್ ಟು ಇಥಿಯೋಪಿಯಾ.’ ಮನುಷ್ಯರಿಗೆ ‘ಎ ನೇಟಿವ್ ಆಫ್’: ‘ಶಿ ಈಸ್ ಎ ನೇಟಿವ್ ಆಫ್ ಹಾಸನ್.’ ಒಂದೇ ಪದ, ‘ಟು’ ಬಂದರೆ ಗಿಡದ ತವರು, ‘ಆಫ್’ ಬಂದರೆ ಮನುಷ್ಯನ ಊರು. ತೋಟದೊಳಗೆ ನಿಂತು ಮೇಲೆ ನೋಡಿ. ನೆರಳಿಗೆ ನೆಟ್ಟ ಸಿಲ್ವರ್ ಓಕ್ ಪೂರ್ವ ಆಸ್ಟ್ರೇಲಿಯಾದ ಮರ. ಅದಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ ನಮ್ಮ ಪಶ್ಚಿಮ ಘಟ್ಟದ್ದೇ. ಕೆಳಗೆ ಇಥಿಯೋಪಿಯಾದ ಕಾಫಿ. ‘ನೇಟಿವ್ ಟು’ ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

17ನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬ ಕತೆ ಇಲ್ಲಿನ ಮಕ್ಕಳಿಗೂ ಗೊತ್ತು. ‘ದ ಸೀಡ್ಸ್ ವರ್ ಬ್ರಾಟ್ ಫ್ರಮ್ ಯೆಮೆನ್.’ ತಂದದ್ದು ಒಮ್ಮೆ ನಡೆದ ಕೆಲಸ, ಭೂತಕಾಲ. ಇಲ್ಲಿನ ಹಳೆಯ ಗಿಡಗಳೆಲ್ಲ ಆ ಬೀಜದ ಸಂತತಿ ಎನ್ನಬೇಕಾದರೆ ‘ಆರ್ ಡಿಸೆಂಡೆಡ್ ಫ್ರಮ್ ದೋಸ್ ಸೀಡ್ಸ್’. ವಂಶ ಹೇಳುವಾಗ ‘ಆರ್ ಡಿಸೆಂಡೆಡ್’ ಎಂದೇ ರೂಢಿ. ‘ದೇ ಡಿಸೆಂಡೆಡ್ ಫ್ರಮ್ ದ ಹಿಲ್’ ಎಂದರೆ ಬೆಟ್ಟ ಇಳಿದರು ಅಂತ ಆಗುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಅರೇಬಿಕಾ ಗಿಡವೇ ಬೇರೆ ಎರಡು ಕಾಫಿ ಜಾತಿಗಳ ಸಹಜ ಮಿಶ್ರಣದಿಂದ ಹುಟ್ಟಿದ್ದು. ಅವುಗಳಲ್ಲಿ ಒಂದು ನಮ್ಮ ರೋಬಸ್ಟಾ. ಯಾರೂ ಮಾಡಿದ್ದಲ್ಲ, ತಾನಾಗಿ ಆದದ್ದು. ಅಂಥದ್ದಕ್ಕೆ ‘ಅರೈಸ್ ಫ್ರಮ್’: ‘ಅರೇಬಿಕಾ ಅರೋಸ್ ಫ್ರಮ್ ಎ ನ್ಯಾಚುರಲ್ ಕ್ರಾಸ್.’ ನಮ್ಮ ತೋಟಗಳಲ್ಲಿ ಹೆಸರಾದ ಎಸ್ 795 ತಳಿ ಹಾಗಲ್ಲ, ಅದನ್ನು ಕೆಂಟ್ಸ್ ಮತ್ತು ಎಸ್ 288 ತಳಿಗಳನ್ನು ಬೆರೆಸಿ ಮಾಡಿದ್ದು. ಅದಕ್ಕೆ ‘ವಾಸ್ ಡೆವಲಪ್ಡ್ ಫ್ರಮ್’. ತಾನಾಗಿ ಆದದ್ದಕ್ಕೆ ಕರ್ತರಿ, ಮನುಷ್ಯರು ಮಾಡಿದ್ದಕ್ಕೆ ಕರ್ಮಣಿ.

ಕಾಫಿ ಎಂಬ ಪದದ್ದೂ ಒಂದು ದಾರಿ. ಅರಬ್ಬಿಯ ‘ಕಹ್ವಾ’ ಟರ್ಕಿ ಭಾಷೆಗೆ ಹೋಯಿತು, ಅಲ್ಲಿಂದ ಡಚ್ಚರ ಬಾಯಿಗೆ, ಆಮೇಲೆ ಇಂಗ್ಲಿಷ್‌ಗೆ. ಇದನ್ನು ಹೇಳಲು ಮೂರು ಪ್ರೆಪೊಸಿಷನ್ ಸಾಲಾಗಿ ಬೇಕು: ‘ಇಟ್ ಕೇಮ್ ಇಂಟು ಇಂಗ್ಲಿಷ್ ಫ್ರಮ್ ಅರೇಬಿಕ್ ಥ್ರೂ ಟರ್ಕಿಷ್ ಅಂಡ್ ಡಚ್.’ ಮೂಲಕ್ಕೆ ‘ಫ್ರಮ್’, ನಡುವೆ ಹಾಯ್ದದ್ದಕ್ಕೆ ‘ಥ್ರೂ’, ಬಂದು ಸೇರಿದ್ದಕ್ಕೆ ‘ಇಂಟು’. ‘ಅರೇಬಿಕ್ ಇಸ್ ದ ಸೋರ್ಸ್’ ಎಂದು ಒಣಗಿದ ವಾಕ್ಯ ಹೇಳುವುದಕ್ಕಿಂತ ಇದು ಎಷ್ಟು ಚೆಂದ ಅಲ್ವಾ?

ಕಾಲ, ಹೆಸರು

ಬೇಲೂರು ತಾಲೂಕಿನ ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಚೆನ್ನಕೇಶವ ದೇವಸ್ಥಾನ ವಿಷ್ಣುವರ್ಧನನ ಕಾಲದ್ದು, 1117. ಇದಕ್ಕೆ ‘ಡೇಟ್ಸ್ ಫ್ರಮ್’ ಅಥವಾ ‘ಡೇಟ್ಸ್ ಬ್ಯಾಕ್ ಟು’. ‘ಫ್ರಮ್’ ಅಂದಿನಿಂದ ಇಂದಿಗೆ ಬರುತ್ತದೆ, ‘ಬ್ಯಾಕ್ ಟು’ ಇಂದಿನಿಂದ ಅಂದಿಗೆ ಹೋಗುತ್ತದೆ. ಎರಡನ್ನೂ ಕಲಸಿ ‘ಡೇಟ್ಸ್ ಬ್ಯಾಕ್ ಫ್ರಮ್’ ಮಾಡಬೇಡಿ. ಸಾವಿರ ವರ್ಷ ಹಳೆಯದಾದರೂ ಕ್ರಿಯಾಪದ ವರ್ತಮಾನದಲ್ಲೇ ಇರುತ್ತದೆ, ಏಕೆಂದರೆ ಕಲ್ಲು ಇವತ್ತೂ ನಿಂತಿದೆ. ‘ದ ಟೆಂಪಲ್ ಈಸ್ ಬಿಲಾಂಗಿಂಗ್ ಟು ಟ್ವೆಲ್ಫ್ತ್ ಸೆಂಚುರಿ’ ಎಂದು ನಮ್ಮ ಕಡೆ ಆಗಾಗ ಕೇಳಿಬರುತ್ತದೆ; ಅದರ ಜಾಗಕ್ಕೆ ‘ಡೇಟ್ಸ್ ಫ್ರಮ್’ ಹಾಕಿದರೆ ಆಯಿತು.

ಹಾಸನಕ್ಕೆ ಹಾಸನಾಂಬೆಯಿಂದ ಹೆಸರು ಬಂತು ಎನ್ನುತ್ತಾರೆ. ಇಂಗ್ಲಿಷ್‌ನಲ್ಲಿ ‘ಈಸ್ ನೇಮ್ಡ್ ಆಫ್ಟರ್’. ಮಗುವಿಗೆ ಅಜ್ಜನ ಹೆಸರಿಟ್ಟಾಗಲೂ ಇದೇ. ‘ಫ್ರಮ್’ ಬೇಕೇ ಬೇಕು ಅನಿಸಿದರೆ ಕ್ರಿಯಾಪದ ಬದಲಿಸಿ: ‘ಹಾಸನ್ ಟೇಕ್ಸ್ ಇಟ್ಸ್ ನೇಮ್ ಫ್ರಮ್ ದ ಗಾಡೆಸ್.’

ಕಾರಣ ಬರೆಯುವಾಗ

ಅರ್ಜಿ, ವಿಮೆ, ಬ್ಯಾಂಕು, ಇಂಥ ಕಡೆ ‘ಇಂದ’ಕ್ಕೆ ‘ಕಾರಣ’ ಎಂಬ ಅರ್ಥ ಬರುತ್ತದೆ. ಇಲ್ಲಿ ದಿಕ್ಕು ತಪ್ಪಿದರೆ ಅರ್ಥವೇ ತಲೆಕೆಳಗಾಗುತ್ತದೆ, ಹಾಗಾಗಿ ಎಚ್ಚರ ಬೇಕು. ಜೋರು ಮಳೆಗೆ ಕಾಫಿ ಕಾಯಿ ಉದುರಿದೆ ಎಂದುಕೊಳ್ಳಿ. ‘ದ ಲಾಸ್ ರಿಸಲ್ಟೆಡ್ ಫ್ರಮ್ ಹೆವಿ ರೈನ್.’ ನಷ್ಟ ಮೊದಲು, ಕಾರಣ ಆಮೇಲೆ, ನಡುವೆ ‘ಫ್ರಮ್’. ‘ಹೆವಿ ರೈನ್ ರಿಸಲ್ಟೆಡ್ ಇನ್ ಎ ಲಾಸ್.’ ಕಾರಣ ಮೊದಲು, ನಷ್ಟ ಆಮೇಲೆ, ನಡುವೆ ‘ಇನ್’. ‘ದ ಲಾಸ್ ರಿಸಲ್ಟೆಡ್ ಇನ್ ಹೆವಿ ರೈನ್’ ಎಂದು ಬರೆದರೆ ಕಾಯಿ ಉದುರಿದ್ದಕ್ಕೆ ಮಳೆ ಬಂತು ಎಂದಾಗುತ್ತದೆ. ಬರೆದ ಮೇಲೆ ‘ಯಾವುದರಿಂದ ಯಾವುದು?’ ಎಂದು ಒಮ್ಮೆ ಕೇಳಿಕೊಂಡು ಓದಿ ನೋಡಿ.

‘ಸ್ಟೆಮ್ ಫ್ರಮ್’ ಕೂಡ ಇದೇ ಗುಂಪಿನದು. ತೊಂದರೆ, ಜಗಳ, ಭಯ, ಇಂಥವುಗಳ ಬೇರು ಹುಡುಕುವಾಗ ಅದನ್ನು ಬಳಸುತ್ತಾರೆ. ಸಕಲೇಶಪುರ, ಆಲೂರು ಕಡೆಯ ಆನೆ ಹಾವಳಿಯ ಬಗ್ಗೆ ಬರೆಯುವಾಗ ‘ದ ಕಾನ್ಫ್ಲಿಕ್ಟ್ ಸ್ಟೆಮ್ಸ್ ಫ್ರಮ್ ದ ಲಾಸ್ ಆಫ್ ಫಾರೆಸ್ಟ್’ ಎನ್ನಬಹುದು. ರೋಗದಿಂದ ಸತ್ತರೆ ‘ಡೈಡ್ ಆಫ್’, ಗಾಯದಿಂದ ಸತ್ತರೆ ‘ಡೈಡ್ ಫ್ರಮ್’ ಎಂಬುದು ಹಳೆಯ ರೂಢಿ. ಈಗ ರೋಗಕ್ಕೂ ‘ಫ್ರಮ್’ ನಡೆಯುತ್ತದೆ. ನರಳುವುದಕ್ಕೆ ಮಾತ್ರ ಯಾವಾಗಲೂ ‘ಸಫರ್ ಫ್ರಮ್’.

‘ಫ್ರಮ್’ ಎಲ್ಲಿ ಇಡಬೇಕು

ಕನ್ನಡದಲ್ಲಿ ಪ್ರತ್ಯಯ ಪ್ರಶ್ನೆಯ ಪದಕ್ಕೇ ಅಂಟಿಕೊಂಡಿರುತ್ತದೆ: ಎಲ್ಲಿ-ಇಂದ. ಬಿಡಿಸಲು ಬರುವುದಿಲ್ಲ. ಅದೇ ಅಭ್ಯಾಸದಲ್ಲಿ ನಾವು ‘ಫ್ರಮ್ ವೇರ್ ಆರ್ ಯು?’ ಎಂದುಬಿಡುತ್ತೇವೆ. ಇಂಗ್ಲಿಷ್ ಮಾತಿನಲ್ಲಿ ‘ವೇರ್’ ಮುಂದಕ್ಕೆ ಹೋಗುತ್ತದೆ, ‘ಫ್ರಮ್’ ಕೊನೆಯಲ್ಲೇ ಉಳಿಯುತ್ತದೆ: ‘ವೇರ್ ಆರ್ ಯು ಫ್ರಮ್?’

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ, ಒಳ್ಳೆಯ ಇಂಗ್ಲಿಷ್ ಇರುವವರನ್ನೂ ಕಾಡುವಂಥದ್ದು. ‘ನಾನು ಊರಿನಿಂದ ಬಂದೆ’ ಎಂಬುದನ್ನು ತಿರುಗಿಸಿ ‘ನಾನು ಬಂದ ಊರು’ ಎಂದರೆ ಕನ್ನಡದಲ್ಲಿ ‘ಇಂದ’ ಮಾಯ. ‘ಪುಡಿ ತಂದ ಅಂಗಡಿ’, ‘ಮೂರ್ತಿ ಕೆತ್ತಿದ ಬಂಡೆ’, ಎಲ್ಲದರಲ್ಲೂ ಹಾಗೇ. ನಮಗೆ ಅದರ ಕೊರತೆಯೇ ಕಾಣುವುದಿಲ್ಲ. ಇಂಗ್ಲಿಷ್ ಅದನ್ನು ಬಿಡಲು ಒಪ್ಪುವುದಿಲ್ಲ. ‘ದ ವಿಲೇಜ್ ಐ ಕಮ್’ ಎಂದರೆ ವಾಕ್ಯ ಅರ್ಧಕ್ಕೆ ನಿಂತಂತೆ. ‘ದ ವಿಲೇಜ್ ಐ ಕಮ್ ಫ್ರಮ್’ ಆಗಬೇಕು. ‘ದ ಶಾಪ್ ಐ ಬಾಟ್ ದ ಪೌಡರ್ ಫ್ರಮ್’, ‘ದ ರಾಕ್ ದ ಸ್ಟ್ಯಾಚ್ಯೂ ವಾಸ್ ಕಾರ್ವ್ಡ್ ಫ್ರಮ್’. ಬರವಣಿಗೆಯಲ್ಲಿ ಗಂಭೀರವಾಗಿರಬೇಕು ಎಂದರೆ ‘ದ ರಾಕ್ ಫ್ರಮ್ ವಿಚ್ ದ ಸ್ಟ್ಯಾಚ್ಯೂ ವಾಸ್ ಕಾರ್ವ್ಡ್’ ಎಂದು ‘ಫ್ರಮ್’ ಅನ್ನು ಮುಂದಕ್ಕೆ ತರಬಹುದು. ಮಾತಿನಲ್ಲಿ ಅದು ಕೊನೆಯಲ್ಲೇ ಇರಲಿ. ಅಭ್ಯಾಸಕ್ಕೆ ಕನ್ನಡದ ಯಾವುದಾದರೂ ‘-ದ ಊರು’, ‘-ದ ತೋಟ’, ‘-ದ ಅಂಗಡಿ’ ತೆಗೆದುಕೊಂಡು ಮೊದಲು ಬಿಡಿಸಿ ಹೇಳಿಕೊಳ್ಳಿ, ‘ಈ ಕಾಫಿ ಆ ತೋಟದಿಂದ ಬರುತ್ತದೆ’ ಅಂತ. ಅಲ್ಲಿ ‘ಇಂದ’ ಕಂಡರೆ ಇಂಗ್ಲಿಷ್ ವಾಕ್ಯದ ಕೊನೆಗೆ ‘ಫ್ರಮ್’ ಇಡಿ: ‘ದಿಸ್ ಈಸ್ ದ ಎಸ್ಟೇಟ್ ದ ಕಾಫಿ ಕಮ್ಸ್ ಫ್ರಮ್.’